ಅಮೆರಿಕಕ್ಕೆ ಬಂದ ಮೊದಲ 60 ದಿನ: ಆರೋಗ್ಯ ವಿಮೆ ಮಾಡಿಸಿಕೊಳ್ಳುವುದು ಹೇಗೆ?

ಅಮೆರಿಕಕ್ಕೆ ಬಂದಿಳಿದ ದಿನದಿಂದ ವಿಮೆಯ ಗಡುವು ಓಡಲು ಶುರುವಾಗುತ್ತದೆ. ಮನೆ, ಕಾರು, ಮಕ್ಕಳ ಶಾಲೆ ಅಂತ ಓಡಾಡುವುದರಲ್ಲಿ ಅದು ಮುಗಿದದ್ದೇ ಗೊತ್ತಾಗುವುದಿಲ್ಲ. ಮುಗಿದರೆ ಸಾಮಾನ್ಯವಾಗಿ ಮುಂದಿನ ಜನವರಿಯವರೆಗೆ ಕಾಯಬೇಕು. ದಯವಿಟ್ಟು ಕಾರು ಕೊಳ್ಳುವ ಮೊದಲು ಇದನ್ನು ಮುಗಿಸಿಕೊಳ್ಳಿ.

ನಮ್ಮೂರಿನ ಲೆಕ್ಕ ಇಲ್ಲಿ ತಲೆಕೆಳಗು

ಊರಿನಲ್ಲಿ 5 ಲಕ್ಷದ ಪಾಲಿಸಿ ಎಂದರೆ ಕಂಪನಿ ಅಷ್ಟರವರೆಗೆ ಕೊಡುತ್ತದೆ, ಮೇಲಿನದ್ದು ನಿಮ್ಮದು. ಇಲ್ಲಿ ಮಿತಿ ಇರುವುದು ನೀವು ಕೊಡುವ ಹಣಕ್ಕೆ. 2010ರ ಅಫೋರ್ಡಬಲ್ ಕೇರ್ ಆಕ್ಟ್, ಅಂದರೆ ಜನರ ಬಾಯಲ್ಲಿರುವ ಒಬಾಮಾಕೇರ್, ಅಗತ್ಯ ಚಿಕಿತ್ಸೆಗಳಿಗೆ ವಿಮಾ ಕಂಪನಿ ವಾರ್ಷಿಕ ಮಿತಿ ಹಾಕುವುದನ್ನು ತಡೆದಿದೆ. ನೆಟ್‌ವರ್ಕ್ ಒಳಗಿನ, ಅಂದರೆ ವಿಮಾ ಕಂಪನಿಯ ಜೊತೆ ಒಪ್ಪಂದ ಇರುವ ಆಸ್ಪತ್ರೆ, ವೈದ್ಯರ ಚಿಕಿತ್ಸೆಗೆ 2026ರಲ್ಲಿ ಒಬ್ಬರ ಕೈಯಿಂದ ಹೆಚ್ಚೆಂದರೆ 10,600 ಡಾಲರ್, ಕುಟುಂಬದಿಂದ 21,200 ಡಾಲರ್ ಹೋಗಬಹುದು, ಪ್ರೀಮಿಯಂ ಬೇರೆ. ಸಕ್ಕರೆ ಕಾಯಿಲೆ, ಬಿಪಿ ಇದೆ ಎಂದು ವಿಮೆ ನಿರಾಕರಿಸುವಂತಿಲ್ಲ, ಹೆಚ್ಚು ಪ್ರೀಮಿಯಂ ಕೇಳುವಂತೆಯೂ ಇಲ್ಲ.

ಡಿಡಕ್ಟಿಬಲ್ 3,000 ಡಾಲರ್, ಕೋಇನ್ಶೂರೆನ್ಸ್ ಶೇ 20 ಇರುವ ಒಂದು ಪ್ಲಾನನ್ನು ಉದಾಹರಣೆಗೆ ತೆಗೆದುಕೊಳ್ಳಿ. 10,000 ಡಾಲರ್ ಬಿಲ್ ಬಂದರೆ ಮೊದಲ 3,000 ನಿಮ್ಮದು, ಉಳಿದ 7,000ಕ್ಕೆ ಶೇ 20ರಂತೆ 1,400. ಒಟ್ಟು 4,400. ಪ್ಲಾನ್‌ಗಳನ್ನು ಹೋಲಿಸುವಾಗ ಹೀಗೇ ಕೂಡಿ ನೋಡಿ. ಬರೀ ಪ್ರೀಮಿಯಂ ನೋಡಿ ಪ್ರೀಮಿಯಂ ಕಡಿಮೆ, ಕೈಯಿಂದ ಕೊಡುವುದು ಹೆಚ್ಚು ಇರುವ ಅಗ್ಗದ ಬ್ರಾಂಜ್ ಪ್ಲಾನ್ ಆರಿಸಿಕೊಂಡು, ಆಮೇಲೆ ಹೆರಿಗೆಯ ಬಿಲ್ಲಿಗೆ ಬೆಚ್ಚಿಬೀಳುವವರು ಬಹಳ ಮಂದಿ.

ಕೆಲಸದ ಕಡೆಯಿಂದ

ಕಂಪನಿಯ ವಿಮೆ ಇದ್ದರೆ ಮೊದಲು ಅದನ್ನೇ ಕೇಳಿ. ಸೇರಿಕೊಳ್ಳಲು ಬಹುತೇಕ ಕಂಪನಿಗಳು 30 ದಿನ ಮಾತ್ರ ಕೊಡುತ್ತವೆ. ನೀವು ಮೊದಲು ಬಂದು, ಹೆಂಡತಿ ಮಕ್ಕಳು ನಾಲ್ಕು ತಿಂಗಳ ನಂತರ ಬರುವುದಾದರೆ ಇನ್ನೂ ಎಚ್ಚರ ಬೇಕು. ಮದುವೆ, ಮಗು ಹುಟ್ಟುವುದು, ಬೇರೆ ವಿಮೆ ತಪ್ಪಿಹೋಗುವುದು, ಇವಕ್ಕೆ ಕಾನೂನಿನ ಪ್ರಕಾರ ಕನಿಷ್ಠ 30 ದಿನದ ಅವಕಾಶವಿದೆ. ಕುಟುಂಬ ಭಾರತದಿಂದ ಬಂದಿಳಿಯುವುದು ಆ ಪಟ್ಟಿಯಲ್ಲಿ ನೇರವಾಗಿ ಇಲ್ಲ. ಅದು ಕಂಪನಿಯ ಪ್ಲಾನಿನ ನಿಯಮಕ್ಕೆ ಬಿಟ್ಟದ್ದು. ಟಿಕೆಟ್ ಬುಕ್ ಮಾಡಿದ ದಿನವೇ ಎಚ್‌ಆರ್‌ಗೆ ಇಮೇಲ್ ಬರೆದು, ಉತ್ತರವನ್ನು ಲಿಖಿತವಾಗಿ ಪಡೆಯಿರಿ.

ಮಾರ್ಕೆಟ್‌ಪ್ಲೇಸ್‌ನಲ್ಲಿ

ಕಂಪನಿ ವಿಮೆ ಇಲ್ಲದವರು ಸರ್ಕಾರ ನಡೆಸುವ ವಿಮಾ ಮಾರುಕಟ್ಟೆಯಾದ ಮಾರ್ಕೆಟ್‌ಪ್ಲೇಸ್‌ಗೆ, ಅಂದರೆ ಹೆಲ್ತ್‌ಕೇರ್ ಡಾಟ್ ಗವ್ ತಾಣಕ್ಕೆ ಹೋಗಬೇಕು. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿ, ವಾಷಿಂಗ್ಟನ್‌ನಂಥ ರಾಜ್ಯಗಳಿಗೆ ಅವುಗಳದ್ದೇ ತಾಣವಿದೆ. ಕೆಲಸದ ವೀಸಾಗಳಾದ ಎಚ್-1ಬಿ, ಎಲ್-1, ಅವರ ಕುಟುಂಬದವರ ಎಚ್-4, ಎಲ್-2, ವಿದ್ಯಾರ್ಥಿಗಳ ಎಫ್-1, ಕಾಯಂ ವಾಸದ ಗ್ರೀನ್ ಕಾರ್ಡ್, ಎಲ್ಲರೂ ಇಲ್ಲಿ ಕೊಳ್ಳಬಹುದು. ಹೊರದೇಶದಿಂದ ಬಂದವರಿಗೆ ಬಂದ ದಿನದಿಂದ 60 ದಿನದ ವಿಶೇಷ ಅವಕಾಶ. ಆಗಸ್ಟ್ 5ಕ್ಕೆ ಬಂದರೆ ಅಕ್ಟೋಬರ್ 4 ಕೊನೆ. ಆದರೆ ವಿಮೆ ಶುರುವಾಗುವುದು ಪ್ಲಾನ್ ಆರಿಸಿದ ಮುಂದಿನ ತಿಂಗಳ 1ರಿಂದ. ಆಗಸ್ಟ್ 30ಕ್ಕೆ ಆರಿಸಿದರೆ ಸೆಪ್ಟೆಂಬರ್ 1. ಮೂರು ದಿನ ತಡಮಾಡಿ ಸೆಪ್ಟೆಂಬರ್ 2ಕ್ಕೆ ಆರಿಸಿದರೆ ಅಕ್ಟೋಬರ್ 1. ಮೊದಲ ಕಂತು ಕಟ್ಟದಿದ್ದರೆ ಯಾವ ತಾರೀಕಿಗೂ ಶುರುವಾಗುವುದಿಲ್ಲ. ವಿಮೆಯ ಕಾರ್ಡ್ ಇನ್ನೂ ಬಂದಿಲ್ಲವಲ್ಲ ಎಂದು ಕಂತು ಕಟ್ಟದೆ ಕಾಯಬೇಡಿ. ವಾರ್ಷಿಕ ನೋಂದಣಿ ಹೆಚ್ಚಿನ ರಾಜ್ಯಗಳಲ್ಲಿ ನವೆಂಬರ್ 1ಕ್ಕೆ ಶುರು. ಮುಗಿಯುವ ದಿನ ವರ್ಷಕ್ಕೊಂದು, ರಾಜ್ಯಕ್ಕೊಂದು. ಡಿಸೆಂಬರ್ 15ರೊಳಗೆ ಮುಗಿಸಿದರೆ ಚಿಂತೆಯಿಲ್ಲ.

ಪಾಸ್‌ಪೋರ್ಟ್, ವೀಸಾ, ಐ-94 (ದೇಶಕ್ಕೆ ಬಂದ ದಾಖಲೆ), ಐ-797 (ವಲಸೆ ಇಲಾಖೆಯ ಅನುಮೋದನೆ ಪತ್ರ), ಬಾಡಿಗೆ ಕರಾರು, ಸಂಬಳದ ಚೀಟಿ, ಬೋರ್ಡಿಂಗ್ ಪಾಸ್ ಜೊತೆಯಲ್ಲಿರಲಿ. ಎಚ್-4ರವರಿಗೆ ಸೋಷಿಯಲ್ ಸೆಕ್ಯುರಿಟಿ ನಂಬರ್, ಅಂದರೆ ಇಲ್ಲಿನ ಸರ್ಕಾರ ಕೊಡುವ ಗುರುತಿನ ಸಂಖ್ಯೆ, ಇಲ್ಲದಿದ್ದರೆ ಅರ್ಜಿಯಲ್ಲಿ ಆ ಜಾಗ ಖಾಲಿ ಬಿಡಬಹುದು. ಖಾತೆ ತೆರೆಯುವಾಗ ಗುರುತು ಖಚಿತಪಡಿಸಲು ಹಳೆಯ ಸಾಲ, ಹಳೆಯ ವಿಳಾಸದ ಪ್ರಶ್ನೆ ಬರುತ್ತವೆ. ಹೊಸಬರಿಗೆ ಕ್ರೆಡಿಟ್ ಚರಿತ್ರೆಯೇ ಇಲ್ಲದ ಕಾರಣ ಅದು ಅಲ್ಲೇ ನಿಲ್ಲುತ್ತದೆ. ಪಾಸ್‌ಪೋರ್ಟ್ ಅಪ್‌ಲೋಡ್ ಮಾಡಿ ಮುಂದುವರಿಯಿರಿ, ಅಥವಾ ಸಹಾಯವಾಣಿಗೆ ಕರೆ ಮಾಡಿ ಕನ್ನಡ ದುಭಾಷಿ ಬೇಕೆಂದು ಕೇಳಿ. ಅದು ಉಚಿತ.

ನಮ್ಮವರನ್ನು ಹೆಚ್ಚು ಕಾಡುವುದು ಹೆಸರು. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಖಾಲಿ ಇದ್ದರೆ ವೀಸಾದಲ್ಲಿ ಇಡೀ ಹೆಸರು ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು (ಫಸ್ಟ್ ನೇಮ್ ಅನ್‌ನೋನ್, ಮೊದಲ ಹೆಸರು ಗೊತ್ತಿಲ್ಲ) ಎಂದು ಬರುತ್ತದೆ. ಸೋಷಿಯಲ್ ಸೆಕ್ಯುರಿಟಿ ಕಾರ್ಡಿನಲ್ಲಿ ಅದೇ ಹೆಸರು ಬೇರೆ ರೀತಿ ಇರಬಹುದು. ಎರಡೂ ತಾಳೆಯಾಗದಿದ್ದರೆ ದಾಖಲೆ ಕಳಿಸಿ ಎಂಬ ನೋಟಿಸ್ ಬರುತ್ತದೆ. ಸುಮ್ಮನಿದ್ದರೆ ವಿಮೆ ರದ್ದಾಗಬಹುದು. ಅರ್ಜಿಯಲ್ಲಿ ಸೋಷಿಯಲ್ ಸೆಕ್ಯುರಿಟಿ ಕಾರ್ಡಿನಲ್ಲಿರುವ ಹೆಸರು ಬರೆದು, ವಲಸೆ ದಾಖಲೆಯಲ್ಲೂ ಇದೇ ಹೆಸರೇ ಎಂದು ಕೇಳಿದಾಗ 'ಇಲ್ಲ' ಎಂದು ಗುರುತು ಹಾಕಿ ಐ-94ರಲ್ಲಿರುವಂತೆ ಅಕ್ಷರ ಬಿಡದೆ ತುಂಬಿ.

ಪ್ರೀಮಿಯಂ ಹೊರೆ ಇಳಿಸಲು ಸರ್ಕಾರ ಆದಾಯ ನೋಡಿ ಕೊಡುವ ತೆರಿಗೆ ರಿಯಾಯಿತಿ ಸಿಕ್ಕರೆ ಆದಾಯವನ್ನು ಕಡಿಮೆ ತೋರಿಸಬೇಡಿ. 2026ರ ತೆರಿಗೆ ವರ್ಷದಿಂದ, ಹೆಚ್ಚಾಗಿ ಪಡೆದ ರಿಯಾಯಿತಿಯನ್ನು ಪೂರ್ತಿ ವಾಪಸ್ ಕಟ್ಟಬೇಕು. 2025ರ ಕಾನೂನಿನಂತೆ 2027ರ ಜನವರಿಯಿಂದ ಎಚ್-1ಬಿ, ಎಚ್-4, ಎಫ್-1ರವರಿಗೆ ಈ ರಿಯಾಯಿತಿ ಇಲ್ಲ. ಪೂರ್ತಿ ಬೆಲೆ ಕೊಟ್ಟು ಕೊಳ್ಳಬಹುದು. ಗ್ರೀನ್ ಕಾರ್ಡ್‌ನವರಿಗೆ ಮುಂದುವರಿಯುತ್ತದೆ.

ಅಪ್ಪ ಅಮ್ಮ ಬಂದಾಗ

ಪ್ರವಾಸಿಗರ ಬಿ-2 ವೀಸಾದಲ್ಲಿ ಬಂದವರು ಇಲ್ಲಿನ ನಿವಾಸಿಗಳಲ್ಲ, ಅವರಿಗೆ ಮಾರ್ಕೆಟ್‌ಪ್ಲೇಸ್ ಇಲ್ಲ. ವಿಸಿಟರ್ ಇನ್ಶೂರೆನ್ಸ್ ಕೊಳ್ಳುವಾಗ ಒಂದೊಂದು ಚಿಕಿತ್ಸೆಗೆ ಇಂತಿಷ್ಟೇ ಎಂದು ಕೊಡುವ ಫಿಕ್ಸೆಡ್ ಬೆನಿಫಿಟ್ ಬಿಟ್ಟು, ಬಿಲ್ಲಿನ ಹೆಚ್ಚಿನ ಪಾಲು ಕೊಡುವ ಕಾಂಪ್ರಹೆನ್ಸಿವ್ ಆರಿಸಿ, ಹಳೆಯ ಕಾಯಿಲೆ ಬಗ್ಗೆ ಏನು ಬರೆದಿದೆ ಎಂದು ಓದಿ. ಮೂರು ತಿಂಗಳ ಮಾತ್ರೆಯನ್ನು ವೈದ್ಯರ ಚೀಟಿ ಸಮೇತ ಊರಿಂದಲೇ ತರಿಸಿ.

ಗ್ರೀನ್ ಕಾರ್ಡ್ ಮೇಲೆ ಬಂದ 65 ದಾಟಿದ ತಂದೆತಾಯಿಯ ಕಥೆ ಬೇರೆ. ಇಲ್ಲಿ ದುಡಿದಿಲ್ಲದ ಅವರು ಸಾಮಾನ್ಯವಾಗಿ ಐದು ವರ್ಷ ಸತತವಾಗಿ ನೆಲೆಸಿದ ಮೇಲೆಯೇ ಹಣ ಕಟ್ಟಿ ಮೆಡಿಕೇರ್, ಅಂದರೆ ಹಿರಿಯರ ಸರ್ಕಾರಿ ಆರೋಗ್ಯ ವಿಮೆ, ಸೇರಬಹುದು. ಅಲ್ಲಿಯವರೆಗೆ ವಿಸಿಟರ್ ಇನ್ಶೂರೆನ್ಸೇ ಗತಿ ಎಂದು ಅನೇಕರು ನಂಬಿದ್ದಾರೆ. ಹಾಗಲ್ಲ, ಅವರು ಮಾರ್ಕೆಟ್‌ಪ್ಲೇಸ್‌ನಲ್ಲಿ ಪೂರ್ಣ ವಿಮೆ ಕೊಳ್ಳಬಹುದು, ಅದೇ 60 ದಿನದೊಳಗೆ.