ಕಾಣೆಯಾದ ದುಡ್ಡು, ಹೊಂದದ ಜೋಡಿ: ಕ್ರೈಮ್ ಕಾಮಿಡಿ ಬರೆಯುವ ಬಗೆ

ಕಾಣೆಯಾದ ದುಡ್ಡಿನ ಹಿಂದೆ ಹೊಂದದ ಜೋಡಿಯೊಂದು ಓಡುವ ಕ್ರೈಮ್ ಕಾಮಿಡಿ ಚಿತ್ರ ಬರೆಯಲು ಕೂತಾಗ ಪಾತ್ರಗಳಿಗೆ ಹೆಸರಿಡುವ ಮೊದಲು ದುಡ್ಡಿನ ಲೆಕ್ಕ ಬರೆಯಿರಿ. ಹಾಳೆಯಲ್ಲಿ ನಾಲ್ಕು ಕಾಲಂ ಎಳೆಯಿರಿ: ದೃಶ್ಯದ ಸಂಖ್ಯೆ, ದುಡ್ಡು ನಿಜಕ್ಕೂ ಎಲ್ಲಿದೆ, ಎಲ್ಲಿದೆ ಎಂದು ಯಾರ್‍ಯಾರು ನಂಬಿದ್ದಾರೆ, ಪ್ರೇಕ್ಷಕರಿಗೆ ಎಷ್ಟು ಗೊತ್ತು. ಎರಡನೆಯದಕ್ಕೂ ಮೂರನೆಯದಕ್ಕೂ ತಾಳೆಯಾಗದಷ್ಟು ಹೊತ್ತು ಕಥೆ ಓಡುತ್ತದೆ. ತಾಳೆಯಾದ ದೃಶ್ಯಗಳು ಸಾಲಾಗಿ ಬಂದರೆ ಚಿತ್ರ ಅಲ್ಲೇ ಕುಸಿಯುತ್ತದೆ, ಎಷ್ಟು ಗುಂಡು ಹಾರಿಸಿದರೂ ಮೇಲೇಳುವುದಿಲ್ಲ. ನಾಲ್ಕನೇ ಕಾಲಂ ನಗುವಿನದು. ಬ್ಯಾಗು ಖಾಲಿ ಅಂತ ನಮಗೆ ಗೊತ್ತಿದ್ದು, ಅದಕ್ಕಾಗಿ ಬಡಿದಾಡುವವರಿಗೆ ಗೊತ್ತಿಲ್ಲದಿದ್ದರೆ ಅದೇ ಹೊಡೆದಾಟ ಹಾಸ್ಯವೂ ಆಗುತ್ತದೆ.

ಜೋಡಿಯಲ್ಲಿ ಒಬ್ಬರು ಮಾತಿನಮಲ್ಲಿ, ಇನ್ನೊಬ್ಬರು ಮೌನಿ ಎಂದಷ್ಟೇ ಬರೆದರೆ ಇಪ್ಪತ್ತು ನಿಮಿಷಕ್ಕೆ ಸರಕು ಮುಗಿಯುತ್ತದೆ. ಜಗಳ ಲೆಕ್ಕದಿಂದಲೇ ಹುಟ್ಟಬೇಕು. ಬ್ಯಾಗಿನಲ್ಲಿರುವುದು 10 ಪಾಲು. ಅವಳಿಗೆ 7 ಬೇಕೇ ಬೇಕು, ಅವನಿಗೆ 6 ಬೇಕೇ ಬೇಕು. ಜತೆಗೆ ಒಬ್ಬರನ್ನು ಬಿಟ್ಟು ಒಬ್ಬರು ಕದಲದಂತೆ ಗಂಟು ಹಾಕಿ: ಬ್ಯಾಗು ಇಟ್ಟಿರುವ ಲಾಕರಿನ ಕೀ ಅವಳ ಹತ್ತಿರ, ಲಾಕರ್ ಇರುವ ಜಾಗ ಅವನಿಗೆ ಮಾತ್ರ ಗೊತ್ತು. ಈ ಗಂಟು ಬೇಗ ಸಡಿಲವಾದರೆ ಇಬ್ಬರೂ ಬೇರೆ ದಾರಿ ಹಿಡಿಯಬಾರದೇಕೆ ಎಂದು ನೋಡುವವರೇ ಕೇಳುತ್ತಾರೆ. ಪುಟಕ್ಕೊಂದು ನಿಮಿಷದ ಅಂದಾಜಿನಲ್ಲಿ 110 ಪುಟದ ಚಿತ್ರಕಥೆಯಾದರೆ 80ನೇ ಪುಟದವರೆಗೂ ಬಿಚ್ಚಬೇಡಿ. ಬಿಚ್ಚಿದ ಮೇಲೂ ಜತೆಗೇ ಉಳಿದರೆ ಅದೇ ಸ್ನೇಹ, ಅದನ್ನು ಬಾಯಿಬಿಟ್ಟು ಹೇಳಿಸಬೇಕಿಲ್ಲ.

ದುಡ್ಡಿಗೆ ತೂಕವಿದೆ ಎನ್ನುವುದನ್ನು ಬಹಳ ಮಂದಿ ಮರೆಯುತ್ತಾರೆ. ಕಾಗದದ ನೋಟು ಸುಮಾರು 1 ಗ್ರಾಂ ತೂಗುತ್ತದೆ. ಕಂತೆಗೆ 100 ನೋಟಿನಂತೆ 100 ಕಂತೆ ಎಂದರೆ 10 ಕಿಲೋ, ಒಬ್ಬರು ಹೊತ್ತು ಓಡಬಹುದು. ಅದೇ ಮೊತ್ತವನ್ನು ಐದನೇ ಒಂದರಷ್ಟು ಬೆಲೆಯ ನೋಟುಗಳಲ್ಲಿ ಇಟ್ಟು ನೋಡಿ: 50 ಕಿಲೋ! ಒಬ್ಬೊಬ್ಬರು ಬ್ಯಾಗಿನ ಒಂದೊಂದು ಹಿಡಿಕೆ ಹಿಡಿದೇ ಓಡಬೇಕು, ಒಬ್ಬರು ಎಡಕ್ಕೆ ಎಳೆದರೆ ಇನ್ನೊಬ್ಬರು ಬಲಕ್ಕೆ. ಬೇಡದ ಜೊತೆಗಾರಿಕೆಯನ್ನು ತೋರಿಸಲು ಇದಕ್ಕಿಂತ ಒಳ್ಳೆಯ ದೃಶ್ಯ ಸಿಗುವುದು ಕಷ್ಟ.

ಚಿತ್ರೀಕರಣಕ್ಕೆ ಒಂದೇ ಥರದ ಮೂರು ಬ್ಯಾಗು ಮಾಡಿಸಿ. ಹತ್ತಿರದ ಶಾಟ್‌ಗೆ ಒಂದು, ನಡೆಯುವ ಶಾಟ್‌ಗೆ ನಿಜವಾದ ಭಾರದ್ದು, ಸ್ಟಂಟ್‌ಗೆ ಸ್ಪಂಜು ತುಂಬಿದ್ದು. ಸ್ಪಂಜಿನದನ್ನು ನಡಿಗೆಗೆ ಕೊಟ್ಟರೆ ಪಟ್ಟಿ ಭುಜಕ್ಕೆ ಒತ್ತುವುದಿಲ್ಲ, ಹೆಜ್ಜೆಹೆಜ್ಜೆಗೂ ಬ್ಯಾಗು ಪುಟಿಯುತ್ತದೆ, ಮೋಸ ಬಯಲಾಗುತ್ತದೆ. ಕಂತೆಗಳಿಗೆ ಮೇಲೂ ಕೆಳಗೂ ಮಾತ್ರ ಮುದ್ರಿತ ಹಾಳೆ, ನಡುವೆ ಬಿಳಿ ಹಾಳೆ ಸಾಕು. ಆದರೆ ಕಂತೆ ಒಡೆದು ಚೆಲ್ಲುವ ಶಾಟ್ ಇದ್ದರೆ ಅದಕ್ಕೆ ಬೇರೆಯೇ ಕಂತೆ ತಯಾರಿಸಿ. ಅಸಲಿ ನೋಟನ್ನು ಹೋಲುವಂತೆ ಮುದ್ರಿಸುವುದಕ್ಕೆ ಕಾನೂನಿನ ಕಟ್ಟುಪಾಡಿದೆ, ಮುದ್ರಿಸುವ ಮೊದಲೇ ವಿಚಾರಿಸಿ.

ಹೊಡೆದಾಟವನ್ನು ಏಟುಗಳ ಪಟ್ಟಿಯಾಗಿ ಬರೆಯಬೇಡಿ, ಬ್ಯಾಗು ಕೈ ಬದಲಾಯಿಸುವ ಘಟ್ಟಗಳಾಗಿ ಬರೆಯಿರಿ. ಒಂದು ಹೊಡೆದಾಟಕ್ಕೆ ಮೂರ್ನಾಲ್ಕು ಘಟ್ಟ ಸಾಕು. ನಗಬೇಕಾದ ಕಡೆ ಕ್ಯಾಮೆರಾ ಹಿಂದೆ ಸರಿದು ಇಬ್ಬರನ್ನೂ ಬ್ಯಾಗನ್ನೂ ಒಂದೇ ಫ್ರೇಮಿನಲ್ಲಿ ಹಿಡಿಯಲಿ. ತುಂಡುತುಂಡು ಕಟ್‌ಗಳಿಂದ ವೇಗ ಬರುತ್ತದೆ, ನಗು ಹೋಗುತ್ತದೆ. ಎಡವಿದ್ದು, ಅದರಿಂದ ಬಿದ್ದದ್ದು ಎರಡೂ ಒಟ್ಟಿಗೆ ಕಾಣಬೇಕು.

ಕರಡು ಮುಗಿದ ಮೇಲೆ, ಮೊದಲು ಬರೆದಿಟ್ಟ ದುಡ್ಡಿನ ಲೆಕ್ಕದ ಹಾಳೆ ಕೈಗೆತ್ತಿಕೊಂಡು ಕೊನೆಯ ದೃಶ್ಯದಿಂದ ಹಿಂದಕ್ಕೆ ಓದಿ. ಖರ್ಚಾದದ್ದು, ಸುಟ್ಟದ್ದು, ಕದ್ದದ್ದು, ಉಳಿದದ್ದು ಎಲ್ಲ ಕೂಡಿಸಿದರೆ ಮೊದಲ ಮೊತ್ತ ಬರಬೇಕು. ಒಂದು ಕಂತೆ ಕಡಿಮೆ ಬಂದರೂ ಅದು ಯಾವ ದೃಶ್ಯದಲ್ಲಿ ಹೋಯಿತು ಎಂದು ಹುಡುಕಿ ಸರಿಪಡಿಸಿದ ಮೇಲೆಯೇ ಎರಡನೇ ಕರಡಿಗೆ ಕೈ ಹಾಕಿ.