ಸರ್ವ್ ಹೊಡೆಯುವ ಮುಂಚೆ ಮನಸ್ಸಿಗೆ ಮೂರು ಮಾತು

ವಾಲಿಬಾಲ್ ಸರ್ವ್ ಕಲಿಯುತ್ತಿರುವ ಮಗುವನ್ನು ಹತ್ತಿರದಿಂದ ನೋಡಿ. ಚೆಂಡು ಎರಡು ಸಲ ನೆಟ್‌ಗೆ ಬಡಿದರೆ ಸಾಕು, ತುಟಿ ಅಲ್ಲಾಡುತ್ತದೆ: 'ಥೂ, ನನ್ನ ಕೈಲಿ ಆಗಲ್ಲ.' ಮಕ್ಕಳು ತಮ್ಮೊಳಗೆ ಮಾತಾಡಿಕೊಳ್ಳುತ್ತಲೇ ಇರುತ್ತಾರೆ. ಪಿ.ಟಿ. ಪೀರಿಯಡ್‌ನಲ್ಲಿ ನಾವು ಮಾಡಬೇಕಾದ್ದು ಇಷ್ಟೇ, ಆ ಜಾಗಕ್ಕೆ ಕೆಲಸಕ್ಕೆ ಬರುವ ಮಾತು ತಂದು ಕೂರಿಸುವುದು.

ಮೊದಲು ಅಂಡರ್‌ಹ್ಯಾಂಡ್ ಸರ್ವ್ ಅನ್ನು ನಿಧಾನವಾಗಿ ಮಾಡಿ ತೋರಿಸಿ. ಹೊಡೆಯುವ ಕ್ರಮವೇ ಗೊತ್ತಿಲ್ಲದಿದ್ದರೆ ಯಾವ ಮಾತೂ ನೆರವಾಗದು. ಆಮೇಲೆ ಅದನ್ನು ಮೂರು ಪದಕ್ಕೆ ಇಳಿಸಿ: 'ತೂಗು, ಬಿಡು, ಹೊಡಿ.' 'ತೂಗು' ಅಂದಾಗ ಎಡಗಾಲು ಮುಂದೆ, ಬಲಗೈ ಸಲೀಸಾಗಿ ಹಿಂದಕ್ಕೆ. 'ಬಿಡು' ಅಂದಾಗ ಎಡಗೈಯಲ್ಲಿದ್ದ ಚೆಂಡು ಕೈಬಿಡಬೇಕು. ಹಿಡಿದುಕೊಂಡೇ ಹೊಡೆದರೆ ಫೌಲ್, ಮಕ್ಕಳು ಜಾಸ್ತಿ ಎಡವುವುದು ಇಲ್ಲೇ. 'ಹೊಡಿ' ಅಂದಾಗ ಅಂಗೈ ಚೆಂಡಿನ ಕೆಳಭಾಗಕ್ಕೆ ತಾಗಬೇಕು. ರೆಫ್ರಿ ಸೀಟಿ ಊದಿದ ಮೇಲೆ 8 ಸೆಕೆಂಡ್ ಸಿಗುತ್ತದೆ. ಮೂರು ಪದಕ್ಕೆ ಧಾರಾಳವಾಯಿತು.

ಮೊದಲ ದಿನ ಇಡೀ ಕ್ಲಾಸ್ ಒಟ್ಟಿಗೆ ಗಟ್ಟಿಯಾಗಿ ಹೇಳಲಿ. ನಾಚಿಕೊಳ್ಳುವವರಿಗೆ ಕಬಡ್ಡಿ ನೆನಪಿಸಿ, ಅಲ್ಲಿ ಬಾಯಿ ಬಿಡದೆ ಆಟವೇ ಇಲ್ಲ ಅಲ್ವಾ? ಮುಂದಿನ ವಾರ ಪಿಸುಮಾತು. ಆಮೇಲೆ ಮನಸ್ಸಿನಲ್ಲೇ. ಇದಕ್ಕೂ ಪ್ರಾಕ್ಟೀಸ್ ಬೇಕು. ಗ್ರೀಸ್‌ನ ಸಂಶೋಧಕರು 2011ರಲ್ಲಿ 32 ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ, ಇಂಥ ಸ್ವಗತ ಆಟಕ್ಕೆ ನಿಜವಾಗಿಯೂ ಸಹಾಯ ಮಾಡುತ್ತದೆ, ತರಬೇತಿ ಕೊಟ್ಟರೆ ಇನ್ನೂ ಜಾಸ್ತಿ ಅಂತ ಕಂಡುಬಂತು. ಒಂದು ಸಲ ಹೇಳಿಕೊಟ್ಟು ಸುಮ್ನೆ ಬಿಟ್ಟರೆ ಆಗದು.

'ಬೇಡ' ಅನ್ನುವ ಪದವನ್ನು ಮಾತ್ರ ದೂರ ಇಡಿ. 'ನೆಟ್‌ಗೆ ಹೊಡಿಬೇಡ' ಅಂದುಕೊಂಡ ಮಗುವಿನ ಕಣ್ಣಿಗೆ ನೆಟ್ಟೇ ಕಾಣುತ್ತದೆ. 'ನೆಟ್ ಮೇಲಿಂದ' ಅನ್ನಲಿ.

400 ಮೀಟರ್ ಓಟದ ಕಥೆ ಬೇರೆ. ಕೊನೆಯ 100 ಮೀಟರ್‌ನಲ್ಲಿ ಕಾಲು ಸೋತಾಗ ಕ್ರಮ ಹೇಳಿ ಲಾಭವಿಲ್ಲ. ಅಲ್ಲಿ ಬೇಕಾದ್ದು ಧೈರ್ಯ: 'ಆಗುತ್ತೆ, ಇನ್ನು ಸ್ವಲ್ಪ.'

ಕೊನೆಗೆ, ಪದಗಳನ್ನು ಮಕ್ಕಳೇ ಬದಲಿಸಿಕೊಳ್ಳಲಿ. ಮನೆಮಾತು ತುಳುವೋ ಉರ್ದುವೋ ಆಗಿದ್ದರೆ ಅದರಲ್ಲೇ ಹೇಳಿಕೊಳ್ಳಲಿ. ನನ್ನ ಕ್ಲಾಸಿನ ಹುಡುಗಿಯೊಬ್ಬಳಿಗೆ 'ತೂಗು' ಅಂದರೆ ಕೈ ಬಿಗಿಯಾಗುತ್ತಿತ್ತು. ಅವಳೇ ಅದನ್ನು 'ಜೋಕಾಲಿ' ಮಾಡಿಕೊಂಡಳು. ಮರುದಿನ ನೋಡಿದರೆ ತೋಳು ಭುಜದಿಂದಲೇ ಸಡಿಲವಾಗಿ ಹಿಂದೆ ಹೋಗಿ ಬರುತ್ತಿತ್ತು, ಚೆಂಡು ನೆಟ್ ದಾಟುತ್ತಿತ್ತು.