ಪಿನ್ ಕೋಡ್: ಆರು ಅಂಕಿ ಓದುವ ಬಗೆ, ನಿಮ್ಮ ಮನೆಯದನ್ನು ಸರಿಯಾಗಿ ಹುಡುಕುವ ಬಗೆ

ಹುಬ್ಬಳ್ಳಿಗೆ ಕಳಿಸುವ ಪತ್ರದ ಮೇಲೆ 580020 ಎಂದು ಬರೆಯುವಲ್ಲಿ ಕೊನೆಯ ಎರಡು ಅಂಕಿ ಅದಲುಬದಲಾಗಿ 580002 ಆದರೆ ಪತ್ರ ಧಾರವಾಡದ ಚೀಲ ಸೇರುತ್ತದೆ. ಎರಡನೆಯ ಅಂಕಿ ತಪ್ಪಿ 560020 ಆದರೆ ಬೆಂಗಳೂರಿಗೆ ಹೋಗುತ್ತದೆ. ಎಡಗಡೆಯ ಅಂಕಿ ತಪ್ಪಿದಷ್ಟೂ ಪತ್ರ ದೂರ ಹೋಗುತ್ತದೆ, ಬಲಗಡೆಯದು ತಪ್ಪಿದರೆ ಆಸುಪಾಸಿನಲ್ಲೇ ಅಲೆಯುತ್ತದೆ. ಈ ಸಂಖ್ಯೆಯ ಒಳಗಿನ ಕಟ್ಟಡವೇ ಹಾಗಿದೆ.

ಪಿನ್ ಎಂದರೆ ಪೋಸ್ಟಲ್ ಇಂಡೆಕ್ಸ್ ನಂಬರ್, ಅಂದರೆ ಅಂಚೆಯ ಸೂಚಿ ಸಂಖ್ಯೆ. ಎಟಿಎಂ ಕಾರ್ಡಿನ ಪಿನ್ನಿಗೂ ಇದಕ್ಕೂ ಸಂಬಂಧವಿಲ್ಲ. ಅಮೆರಿಕದಲ್ಲಿ 1963ರಲ್ಲಿ ಬಂದ ಇಂಥದೇ ಸಂಖ್ಯೆಗೆ ಜಿಪ್ ಎಂಬ ಹೆಸರು. ಜೋನ್ ಇಂಪ್ರೂವ್‌ಮೆಂಟ್ ಪ್ಲಾನ್ ಎಂಬುದರ ಮೊದಲಕ್ಷರಗಳು ಅವು. ವಿದೇಶದ ಫಾರ್ಮಿನಲ್ಲಿ ಜಿಪ್ ಕೇಳಿದರೆ ನಮ್ಮ ಆರಂಕಿಯನ್ನೇ ತುಂಬಿ. ನಮ್ಮಲ್ಲಿ ಪಿನ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಅದನ್ನು ರೂಪಿಸಿದವರು ಕೇಂದ್ರ ಸಂಪರ್ಕ ಸಚಿವಾಲಯದಲ್ಲಿ ಅಧಿಕಾರಿಯಾಗಿದ್ದ ಶ್ರೀರಾಮ ಭಿಕಾಜಿ ವೇಲಣಕರ. ಸಂಸ್ಕೃತ ಕವಿಯೂ ಆಗಿದ್ದರು. ಒಂದೇ ಹೆಸರಿನ ಊರುಗಳು ಹತ್ತಾರು, ಬರೆಯುವ ಲಿಪಿಗಳು ಹಲವು. ಕನ್ನಡದಲ್ಲಿ ವಿಳಾಸ ಬರೆದ ಕಾರ್ಡು ಕೋಲ್ಕತ್ತದ ಡಬ್ಬಿಗೆ ಬಿದ್ದರೆ ಅಲ್ಲಿ ಟಪಾಲು ವಿಂಗಡಿಸುವವರಿಗೆ ಊರಿನ ಹೆಸರು ಓದಲು ಬರದಿದ್ದರೂ ಅಂಕಿ ಓದಿದರೆ ಸಾಕು.

580020ನ್ನೇ ಬಿಡಿಸಿ ನೋಡೋಣ. ಮೊದಲ 5 ಎಂದರೆ ಕರ್ನಾಟಕ, ಆಂಧ್ರ, ತೆಲಂಗಾಣ ಸೇರಿದ ವಲಯ. ಪಕ್ಕದ ಗೋವಾ, ಮಹಾರಾಷ್ಟ್ರ 4ರಲ್ಲಿ, ಕೇರಳ, ತಮಿಳುನಾಡು 6ರಲ್ಲಿ ಬರುತ್ತವೆ. ಮೊದಲೆರಡು ಅಂಕಿ 56ರಿಂದ 59ರ ನಡುವೆ ಇದ್ದರೆ ಅದು ಕರ್ನಾಟಕ. ಮೊದಲ ಮೂರು ಸೇರಿದರೆ ವಿಂಗಡಣಾ ಜಿಲ್ಲೆ, ಅಂದರೆ ಟಪಾಲು ವಿಂಗಡಿಸಲು ಅಂಚೆಯವರು ಮಾಡಿಕೊಂಡ ಭಾಗ: 580 ಹುಬ್ಬಳ್ಳಿ-ಧಾರವಾಡದ್ದು. ಉಳಿದ ಮೂರು, ಪತ್ರ ಬಟವಾಡೆ ಮಾಡುವ ಅಂಚೆ ಕಚೇರಿಯದು: 020 ಹುಬ್ಬಳ್ಳಿಯ ಪ್ರಧಾನ ಕಚೇರಿ, 001 ಧಾರವಾಡದ್ದು, 003 ಕರ್ನಾಟಕ ವಿಶ್ವವಿದ್ಯಾಲಯದ್ದು.

ವಿಂಗಡಣಾ ಜಿಲ್ಲೆಯನ್ನು ಕಂದಾಯ ಜಿಲ್ಲೆ ಎಂದುಕೊಂಡು ಮೋಸಹೋಗುವವರು ನಮ್ಮ ಭಾಗದಲ್ಲಿ ಬಹಳ. ನವಲಗುಂದ (582208), ಅಣ್ಣಿಗೇರಿ (582201) ಇರುವುದು ಧಾರವಾಡ ಜಿಲ್ಲೆಯಲ್ಲಿ, ಪಿನ್ ಮಾತ್ರ ಗದಗದ (582101) ಸಾಲಿನದು. ಧಾರವಾಡ ಜಿಲ್ಲೆಯದೇ ಆದ ಕುಂದಗೋಳದ 581113, ಹಾವೇರಿಯ 581110 ಒಂದೇ ಸಾಲು. ಅದೇ 581ರಲ್ಲಿ ಕಾರವಾರ (581301), ಶಿರಸಿಯೂ (581401) ಇವೆ. ಗದಗ, ಹಾವೇರಿ ಜಿಲ್ಲೆಗಳಾದದ್ದು 1997ರಲ್ಲಿ. ಪಿನ್ ಅದಕ್ಕಿಂತ ಕಾಲು ಶತಮಾನ ಹಳೆಯದು. ಜಿಲ್ಲೆ ಒಡೆದರೂ, 2014ರಲ್ಲಿ ಹುಬ್ಳಿ ಎಂಬುದು ಅಧಿಕೃತವಾಗಿ ಹುಬ್ಬಳ್ಳಿಯಾದರೂ ಸಂಖ್ಯೆ ಬದಲಾಗಲಿಲ್ಲ. ಹಾಗಾಗಿ ಆನ್‌ಲೈನ್ ಫಾರ್ಮು ಪಿನ್ ನೋಡಿ ತಾನೇ ಜಿಲ್ಲೆ ತುಂಬಿಕೊಂಡರೆ ಒಮ್ಮೆ ಓದಿ ನೋಡಿ. ಅಣ್ಣಿಗೇರಿಯವರಿಗೆ ಗದಗ ಎಂದು ಬಂದಿದ್ದರೆ ಜಿಲ್ಲೆಯನ್ನು ತಿದ್ದಬೇಕು, ಪಿನ್ ಮುಟ್ಟಬಾರದು.

ನಿಮ್ಮ ಮನೆಯ ಪಿನ್ ಯಾವುದು? ಹತ್ತಿರದ ಅಂಚೆ ಕಚೇರಿಯದು ಎಂಬ ಉತ್ತರ ಎಷ್ಟೋ ಸಲ ತಪ್ಪು. ಎಲ್ಲ ಕಚೇರಿಗಳೂ ಬಟವಾಡೆ ಮಾಡುವುದಿಲ್ಲ. ಕೆಲವು ಬರೀ ಪತ್ರ, ಪಾರ್ಸೆಲ್ ತೆಗೆದುಕೊಳ್ಳುತ್ತವೆ, ಉಳಿತಾಯ ಖಾತೆ ನೋಡುತ್ತವೆ. ಮನೆಗೆ ತಂದುಕೊಡುವ ಪೋಸ್ಟ್‌ಮ್ಯಾನ್ ಬೇರೆ ಕಚೇರಿಯವರಾಗಿರುತ್ತಾರೆ. ಅಂಚೆ ಇಲಾಖೆಯ ಜಾಲತಾಣದಲ್ಲಿ ಪಿನ್ ಹುಡುಕುವ ಪುಟವಿದೆ. ಅಲ್ಲಿ ಕಚೇರಿಯ ಹೆಸರಿನ ಜೊತೆ ಡೆಲಿವರಿ ಇದೆಯೋ ಇಲ್ಲವೋ ಎಂಬುದನ್ನೂ ನೋಡಿ. ಇದಕ್ಕಿಂತ ಖಚಿತವಾದ ದಾರಿ ಓಣಿಗೆ ಬರುವ ಪೋಸ್ಟ್‌ಮ್ಯಾನ್ ಅವರನ್ನೇ ಕೇಳುವುದು: “ನಮ್ಮ ಓಣಿ ಟಪಾಲು ಯಾವ ಆಫೀಸಿನಿಂದ ಬರ್ತದ್ರಿ?” ಹೊಸ ಲೇಔಟುಗಳಲ್ಲಂತೂ ಇದನ್ನು ಕೇಳಲೇಬೇಕು. ಪಕ್ಕದ ಮನೆಯವರ ಹಳೆಯ ಆಧಾರ್ ನೋಡಿ ಬರೆದುಕೊಳ್ಳಬೇಡಿ. ಅದು ಅವರ ಹಿಂದಿನ ಮನೆಯ ಪಿನ್ ಇರಬಹುದು.

ಹಳ್ಳಿಗಳಲ್ಲಿ ಇನ್ನೊಂದು ಸಂಗತಿ. ಪಿನ್ ಇರುವುದು ಪ್ರಧಾನ ಮತ್ತು ಉಪ ಅಂಚೆ ಕಚೇರಿಗಳಿಗೆ. ಊರಿನ ಶಾಖಾ ಅಂಚೆ ಕಚೇರಿಗೆ ಸ್ವಂತ ಸಂಖ್ಯೆ ಇರುವುದಿಲ್ಲ, ತನ್ನ ಮೇಲಿನ ಕಚೇರಿಯದನ್ನೇ ಬಳಸುತ್ತದೆ. ಹೀಗಾಗಿ ಹಲವು ಊರುಗಳಿಗೆ ಒಂದೇ ಪಿನ್. ಇಲ್ಲಿ ಅಂಕಿಯೊಂದನ್ನೇ ನಂಬಿದರೆ ಪತ್ರ ಉಪ ಕಚೇರಿಯವರೆಗೆ ಬಂದು ನಿಲ್ಲುತ್ತದೆ. ಶಾಖಾ ಕಚೇರಿ ನಿಮ್ಮೂರಲ್ಲೇ ಇದ್ದರೆ ‘ಮು.ಪೋ.’ (ಮುಕ್ಕಾಂ ಪೋಸ್ಟ್) ಎಂದು ಊರ ಹೆಸರು ಬರೆಯಿರಿ. ಬೇರೆ ಊರಲ್ಲಿದ್ದರೆ ‘ಸಾ.’ (ಸಾಕಿನ್, ಅಂದರೆ ವಾಸದ ಊರು) ಎಂದು ನಿಮ್ಮೂರು, ‘ಪೋ.’ (ಪೋಸ್ಟ್) ಎಂದು ಆ ಊರು, ಆಮೇಲೆ ತಾಲೂಕು, ಜಿಲ್ಲೆ, ಕೊನೆಗೆ ಪಿನ್.

ಲಕೋಟೆಯ ಮೇಲೆ ಪಿನ್ನನ್ನು ವಿಳಾಸದ ಕೊನೆಗೆ ಬಿಡಿಬಿಡಿಯಾಗಿ ಬರೆಯಿರಿ. ಪೋಸ್ಟ್ ಕಾರ್ಡು, ಇನ್‌ಲ್ಯಾಂಡಿನಲ್ಲಿ ಆರು ಮನೆಗಳೇ ಇವೆ, ಮನೆಗೊಂದು ಅಂಕಿ. ವಿಳಾಸ ಕನ್ನಡದಲ್ಲಿರಲಿ, ಅಂಕಿಗಳನ್ನು ಮಾತ್ರ ಇಂಗ್ಲಿಷ್ ಅಂಕಿಗಳಲ್ಲೇ ಬರೆಯಿರಿ. ಕನ್ನಡದ ಅಂಕಿಗಳು ಹೊರರಾಜ್ಯದವರಿಗೆ ತಿಳಿಯದೆ ಹೋಗಬಹುದು. 1ಕ್ಕೆ ಉದ್ದನೆಯ ಕೊಂಡಿ ಹಾಕಿದರೆ 7 ಆಗುತ್ತದೆ, 0ಯ ಬಾಲ ಮೇಲಕ್ಕೆದ್ದರೆ 6. ಮೊಬೈಲ್ ನಂಬರನ್ನು ಪಿನ್ನಿಗೆ ಅಂಟಿಸದೆ ಬೇರೆ ಸಾಲಿನಲ್ಲಿ ಬರೆಯಿರಿ. ಎಡಗಡೆ ಕೆಳಗೆ ನಿಮ್ಮ ವಿಳಾಸ, ಪಿನ್ ಸಹಿತ. ಬಟವಾಡೆ ಆಗದಿದ್ದರೆ ಪತ್ರ ಮರಳಿ ಬರಲು ಅದೊಂದೇ ಆಧಾರ.

ಸೈನ್ಯದಲ್ಲಿರುವ ಮಗನಿಗೆ ಬರೆಯುವುದಾದರೆ ಪಿನ್ 9ರಿಂದ ಶುರುವಾಗುತ್ತದೆ. ಅವನು ಕೊಟ್ಟ ಯೂನಿಟ್ಟಿನ ಹೆಸರು, 56 ಎಪಿಒ ಅಥವಾ 99 ಎಪಿಒ (ಎಪಿಒ ಎಂದರೆ ಸೇನೆಯ ಅಂಚೆ ಕಚೇರಿ), ಆ ಪಿನ್ ಇಷ್ಟನ್ನೇ ಬರೆಯಿರಿ. ಅವನು ಇರುವ ಊರಿನ ಹೆಸರು ಹಾಕಬೇಡಿ.

2025ರಲ್ಲಿ ಅಂಚೆ ಇಲಾಖೆ ಡಿಜಿಪಿನ್ ತಂದಿದೆ: ಅಂಕಿ, ಅಕ್ಷರ ಸೇರಿ ಹತ್ತು ಗುರುತು. ಸುಮಾರು 4 ಮೀಟರ್ ಉದ್ದ, 4 ಮೀಟರ್ ಅಗಲದ ಜಾಗಕ್ಕೊಂದರಂತೆ ದೇಶಕ್ಕೆಲ್ಲ ಇದೆ. ಹೊಲದ ನಡುವಿನ ಮನೆ, ನಂಬರಿಲ್ಲದ ಪ್ಲಾಟುಗಳ ಜಾಗ ತೋರಿಸಲು ಇದು ಚೆನ್ನಾಗಿ ಒದಗುತ್ತದೆ. ಪಡೆಯಲು ಮನೆಯ ಬಾಗಿಲಲ್ಲಿ ನಿಂತು ಮೊಬೈಲಿನ ಲೊಕೇಶನ್ ಹಚ್ಚಿ, ಇಲಾಖೆಯ ಡಿಜಿಪಿನ್ ಪುಟ ತೆರೆಯಿರಿ. ಇದು ಹಳೆಯ ಪಿನ್ನಿನ ಜಾಗಕ್ಕೆ ಬಂದದ್ದಲ್ಲವಾದ್ದರಿಂದ ಲಕೋಟೆಯ ಮೇಲೆ ಆರಂಕಿ ಮೊದಲಿನಂತೆಯೇ ಬೇಕು.